ಹಳೆಯ ಹಾರ್ಡ್‌ ಡ್ರೈವ್‌ ನಂಬಬಹುದೇ?

ಡ್ರೈವ್‌ ಪರೀಕ್ಷಿಸುವ ಮೊದಲು ಅದರಲ್ಲಿರುವ ಫೋಟೊಗಳನ್ನು ಬೇರೊಂದು ಡ್ರೈವ್‌ಗೆ ಕಾಪಿ ಮಾಡಿಕೊಳ್ಳಿ. ದೀರ್ಘ ಪರೀಕ್ಷೆ ಹದಗೆಟ್ಟ ಡ್ರೈವನ್ನು ಪೂರ್ತಿ ಕೆಡಿಸಬಹುದು. ಆಮೇಲೆ ಕೇಬಲ್‌ ಬದಲಿಸಿ ನೋಡಿ. ಎಷ್ಟೋ ಸಲ ದೋಷ ಅಲ್ಲೇ ಇರುತ್ತದೆ.

ವಿಂಡೋಸ್‌ನಲ್ಲಿ ಉಚಿತ ಕ್ರಿಸ್ಟಲ್‌ಡಿಸ್ಕ್‌ಇನ್ಫೊ ಹಾಕಿಕೊಳ್ಳಿ. ಡ್ರೈವ್‌ ತನ್ನ ಸ್ಥಿತಿಯ ಬಗ್ಗೆ ತಾನೇ ಬರೆದಿಟ್ಟುಕೊಳ್ಳುವ ‘ಸ್ಮಾರ್ಟ್‌’ ದಾಖಲೆಯನ್ನು ಅದು ತೋರಿಸುತ್ತದೆ. 05, ಸಿ5, ಸಿ6 ಸಾಲುಗಳ ಕೊನೆಯ ಅಂಕಣದಲ್ಲಿ ಸೊನ್ನೆ ಇದ್ದರೆ ಒಳ್ಳೆಯದು. ಅಂಕಿ ಏರುತ್ತಿದ್ದರೆ ಹೊಸ ಡ್ರೈವ್‌ ಕೊಳ್ಳಿ. ಟಕ್‌ ಟಕ್‌ ಸದ್ದು ಕೇಳಿದರೆ ತಕ್ಷಣ ಕಂಪ್ಯೂಟರಿನಿಂದ ಬೇರ್ಪಡಿಸಿ, ಡೇಟಾ ರಿಕವರಿ ಮಾಡುವವರಲ್ಲಿಗೆ ಒಯ್ಯಿರಿ, ನೀವೇ ತೆರೆಯಬೇಡಿ.

ದಾಖಲೆ ಶುದ್ಧವಾಗಿದ್ದರೂ ಡ್ರೈವ್‌ ದಿಢೀರನೆ ಕೈಕೊಡಬಹುದು. ಹಾಗಾಗಿ ಫೋಟೊಗಳ ಮೂರು ಪ್ರತಿ ಇರಲಿ: ಕಂಪ್ಯೂಟರಿನಲ್ಲಿ ಒಂದು, ಡ್ರೈವ್‌ನಲ್ಲಿ ಒಂದು, ಮನೆಯಾಚೆ ಒಂದು.