ದನ ಕಟ್ಟಲು ಮನೆ-ಜಮೀನು ನೋಡುವ ಮುನ್ನ

ರೈತ ಬಾಂಧವರು ಕ್ಷೇತ್ರ ಭೇಟಿಯ ಸಮಯದಲ್ಲಿ ನಮ್ಮನ್ನು ಕೇಳುವ ಪ್ರಶ್ನೆಗಳು ಸಾಮಾನ್ಯವಾಗಿ ಬಿತ್ತನೆ ಬೀಜ, ಗೊಬ್ಬರ ಮತ್ತು ಕೀಟಗಳ ಬಗ್ಗೆ ಇರುತ್ತವೆ. ಸಂಡೂರು ತಾಲ್ಲೂಕಿನ ಕುರೆಕುಪ್ಪದ ದಂಪತಿಗಳು ಒಂದು ಕಾರ್ತಿಕ ಮಾಸದಲ್ಲಿ ನನ್ನನ್ನು ಕಂಡು ಕೇಳಿದ್ದು ಬೇರೆಯದೇ ಪ್ರಶ್ನೆ. ಮೂರು ಎಮ್ಮೆ ಮತ್ತು ಒಂದು ಮಿಶ್ರತಳಿ ಹಸು ಅವರ ಆಸ್ತಿ. ಗಂಡ ಗುತ್ತಿಗೆದಾರರ ಬಳಿ ಕೂಲಿ. ಹಾಲಿನ ಲೆಕ್ಕವೆಲ್ಲ ಹೆಂಡತಿಯದು. ಊರು ಪುರಸಭೆಯಾಗಿದೆ, ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಿಂದಾಗಿ ಬಾಡಿಗೆ ಕೋಣೆಗಳು ಒತ್ತೊತ್ತಾಗಿ ಎದ್ದಿವೆ, ಸಗಣಿ ಹಾಕಲು ತಿಪ್ಪೆಗೆ ಜಾಗವಿಲ್ಲ, ನೆರೆಯವರ ಜೊತೆ ದಿನವೂ ಮಾತಿಗೆ ಮಾತು. ಆದ್ದರಿಂದ ಹತ್ತಿರದ ಹಳ್ಳಿಯೊಂದರಲ್ಲಿ ಕೊಟ್ಟಿಗೆ ಇರುವ ಹಳೆಯ ಮನೆ ಮತ್ತು ಒಂದೆರಡು ಎಕರೆ ಜಮೀನು ನೋಡುತ್ತಿದ್ದರು. ಕೈಯಲ್ಲಿದ್ದದ್ದು ಹತ್ತು ವರ್ಷದ ಉಳಿತಾಯ ಮತ್ತು ಮಾರಲು ಸಿದ್ಧವಾಗಿದ್ದ ಬಂಗಾರ. ಎರಡನೇ ಸಲ ಕೂಡಿಸಲಾಗದ ಹಣ ಅದು.

ಅವರು ಮೆಚ್ಚಿಕೊಂಡಿದ್ದ ಮನೆ ನಿಜಕ್ಕೂ ಚೆನ್ನಾಗಿತ್ತು. ಐದು ಅಂಕಣದ ಮನೆ, ಹೊಸ ಬಣ್ಣ, ತಗಡಿನ ಕೊಟ್ಟಿಗೆ, ಸಿಮೆಂಟಿನ ಗೋದಲಿ. ಹಿತ್ತಲಲ್ಲಿ ಕಲ್ಲು ಕಟ್ಟಿದ ಬಾವಿ. "ಬಾವಿ ನೋಡ್ರಿ ಸಾರ್, ಕೈಗೆ ನೀರು ಸಿಗ್ತೈತಿ" ಎಂದು ಮಾಲೀಕರು ತೋರಿಸಿದರು. ಸಿಗುತ್ತಿತ್ತು, ಸುಳ್ಳಲ್ಲ. ಆದರೆ ಮಳೆಗಾಲ ಮುಗಿದು ಒಂದು ತಿಂಗಳಾಗಿರಲಿಲ್ಲ.

ಇಲ್ಲಿ ನನ್ನದೊಂದು ತಪ್ಪನ್ನು ಹೇಳಿಕೊಳ್ಳಬೇಕು. ಕೆಲವು ವರ್ಷಗಳ ಹಿಂದೆ ಪರಿಚಯದ ರೈತರೊಬ್ಬರು ಇದೇ ಕಾರ್ತಿಕದಲ್ಲಿ ನನಗೊಂದು ತೋಟದ ಮನೆ ತೋರಿಸಿದ್ದರು. ಮಣ್ಣು ಪರೀಕ್ಷಿಸಿದೆ, ಮೇವಿನ ಬೆಳೆಗೆ ಯೋಗ್ಯವಾಗಿದೆ ಎಂದೆ. ತುಂಬಿದ ಬಾವಿ ನೋಡಿ ನೀರಿನ ಪ್ರಶ್ನೆಯನ್ನೇ ಎತ್ತಲಿಲ್ಲ. ಮಾರ್ಚ್‌ನಲ್ಲಿ ಅವರು ಟ್ಯಾಂಕರ್ ತರಿಸಿದರು, ಮೇ ತಿಂಗಳಲ್ಲಿ ಆರು ಹಸುಗಳನ್ನೂ ಸಂತೆಗೆ ಹೊಡೆದರು. ಬೇಸಾಯಶಾಸ್ತ್ರ ಕಲಿಸುವವನು ಮಾಡಬಾರದ ತಪ್ಪು. ಅಂದಿನಿಂದ ಯಾರೇ ಕೇಳಲಿ, ಮನೆಯನ್ನು ಕೊನೆಗೆ ನೋಡಿ, ಮೊದಲು ನೀರು ನೋಡಿ, ಅದನ್ನೂ ಬೇಸಿಗೆಯಲ್ಲಿ ನೋಡಿ ಎಂದು ಹೇಳುತ್ತೇನೆ.

ನೀರಿನ ಲೆಕ್ಕ

ಹಾಲು ಕರೆಯುವ ಒಂದು ದೊಡ್ಡ ದನಕ್ಕೆ ಕುಡಿಯಲು, ಮೈ ತೊಳೆಯಲು ಮತ್ತು ಕೊಟ್ಟಿಗೆ ಸ್ವಚ್ಛ ಮಾಡಲು ದಿನಕ್ಕೆ ಸುಮಾರು 100 ಲೀಟರ್ ನೀರು ಬೇಕೆಂದು ಇಟ್ಟುಕೊಳ್ಳಬಹುದು. ಎಮ್ಮೆಗೆ ಬೆವರು ಗ್ರಂಥಿಗಳು ಕಡಿಮೆ, ಚರ್ಮ ಕಪ್ಪು. ನಮ್ಮ ಬಿಸಿಲಿನಲ್ಲಿ ದಿನಕ್ಕೆ ಎರಡು ಸಲವಾದರೂ ಮೈಮೇಲೆ ನೀರು ಹಾಕದಿದ್ದರೆ ಹಾಲು ಇಳಿಯುತ್ತದೆ, ಬೆದೆಯೂ ಸರಿಯಾಗಿ ಕಾಣಿಸದು. ನಾಲ್ಕು ದನಕ್ಕೆ 400 ಲೀಟರ್. ಇಷ್ಟು ನೀರು ಎಲ್ಲಿಂದಲಾದರೂ ಬರುತ್ತದೆ ಎಂದು ಜನ ಧೈರ್ಯ ಮಾಡುತ್ತಾರೆ. ಆದರೆ ದನ ಕುಡಿಯುವುದಕ್ಕಿಂತ ದನದ ಮೇವು ಕುಡಿಯುವುದು ಬಹಳ ಹೆಚ್ಚು. ಬೇಸಿಗೆಯಲ್ಲಿ ಹಸಿ ಮೇವಿನ ಬೆಳೆಗೆ ದಿನಕ್ಕೆ ಕನಿಷ್ಠ 5 ಮಿಲಿಮೀಟರ್ ನೀರು ಎಂದು ಹಿಡಿದರೂ ಒಂದು ಎಕರೆಗೆ 20,000 ಲೀಟರ್ ಆಯಿತು. ಅರ್ಧ ಎಕರೆಗೆ 10,000 ಲೀಟರ್.

ಕೊಳವೆಬಾವಿಯಾದರೆ "ಎರಡು ಇಂಚು ನೀರು" ಎಂಬ ಮಾತನ್ನು ನಂಬಬಾರದು. 200 ಲೀಟರಿನ ಡ್ರಮ್ ಒಂದನ್ನು ತೆಗೆದುಕೊಂಡು ಹೋಗಿ. ಮೋಟಾರನ್ನು ಮೂರು ಗಂಟೆ ಬಿಡದೆ ಓಡಿಸಿ, ಅನಂತರ ಡ್ರಮ್ ತುಂಬಲು ಎಷ್ಟು ಹೊತ್ತಾಯಿತೆಂದು ಗಡಿಯಾರ ಹಿಡಿದು ನೋಡಿ. ಮೊದಲ ಗಂಟೆಯಲ್ಲಿ ಬರುವುದು ಕೊಳವೆಯಲ್ಲಿ ನಿಂತ ನೀರು. ಅದನ್ನು ನೋಡಿ ಸಂತೋಷಪಟ್ಟವರು ಬಹಳ ಜನ. ನಾಲ್ಕು ನಿಮಿಷಕ್ಕೆ ತುಂಬಿದರೆ ಗಂಟೆಗೆ 3,000 ಲೀಟರ್, ಏಳು ಗಂಟೆ ವಿದ್ಯುತ್ ಸಿಕ್ಕರೆ 21,000 ಲೀಟರ್. ಎಂಟು ನಿಮಿಷ ಹಿಡಿದರೆ ಅದರ ಅರ್ಧ.

ತೆರೆದ ಬಾವಿಯಾದರೆ ಒಳಗೋಡೆಯ ಕಲ್ಲಿನ ಮೇಲೆ ನೀರು ಇಳಿದ ಗೆರೆಗಳಿರುತ್ತವೆ. ಪಂಪಿನ ಪೈಪಿಗೆ ಎಷ್ಟು ತುಂಡು ಜೋಡಿಸಿದ್ದಾರೆ ಎಂಬುದನ್ನೂ ಎಣಿಸಬೇಕು. ನೀರು ಕೈಗೆ ಸಿಗುವ ಬಾವಿಗೆ ಯಾರೂ ನಲವತ್ತು ಅಡಿ ಪೈಪು ಇಳಿಸುವುದಿಲ್ಲ. ಎಲ್ಲಕ್ಕಿಂತ ಒಳ್ಳೆಯ ಸಾಕ್ಷಿ ಆ ಊರಿಗೆ ಟ್ಯಾಂಕರ್ ಹೊಡೆಯುವ ಚಾಲಕ. ಏಪ್ರಿಲ್‌ನಲ್ಲಿ ಯಾರ ಮನೆಗೆ ಎಷ್ಟು ಸಲ ಹೋದೆನೆಂದು ಅವನಿಗೆ ನೆನಪಿರುತ್ತದೆ, ಮರೆಮಾಚಲು ಅವನಿಗೆ ಕಾರಣವೂ ಇಲ್ಲ. ನಾವು ನೋಡಿದ ಮನೆಯ ಪಕ್ಕದಲ್ಲಿ ಅವರೆಕಾಯಿ ಬಿಡಿಸುತ್ತಿದ್ದ ಅಜ್ಜಿಯನ್ನು ಕೇಳಿದೆವು. "ಉಗಾದಿ ಹೊತ್ತಿಗೆ ಅದರಾಗ ಕೊಡ ಮುಣುಗಲ್ಲ ತಮ್ಮಾ" ಎಂದಳು. ಆ ಮನೆಯ ವಿಚಾರ ಅಲ್ಲಿಗೆ ನಿಂತಿತು.

ಕಾಲುವೆ ಪಕ್ಕದ ಜಮೀನಿಗೆ ಬೆಲೆ ಹೆಚ್ಚು, ಆಸೆಯೂ ಹೆಚ್ಚು. ಆದರೆ ತುಂಗಭದ್ರಾ ಕಾಲುವೆಯ ನೀರು ಬೆಳೆಯ ಹಂಗಾಮಿಗೆ ಬಿಡುವ ನೀರು, ದನಕ್ಕೆ ಹನ್ನೆರಡು ತಿಂಗಳೂ ಬಾಯಾರುತ್ತದೆ. ಬೇಸಿಗೆಯಲ್ಲಿ ಕಾಲುವೆ ಬತ್ತುತ್ತದೆ. 2024ರ ಆಗಸ್ಟ್ 10ರ ರಾತ್ರಿ ಅಣೆಕಟ್ಟಿನ 19ನೇ ಗೇಟು ಕೊಚ್ಚಿಹೋದಾಗ ಅಚ್ಚುಕಟ್ಟಿನ ರೈತರು ಪಟ್ಟ ಆತಂಕವನ್ನು ನಾವೆಲ್ಲ ಕಂಡಿದ್ದೇವೆ. ಕಾಲುವೆ ಇದ್ದರೆ ಒಳ್ಳೆಯದು. ಅದನ್ನೇ ನಂಬಿ ದನ ಕಟ್ಟಬಾರದು.

ನೀರಿನ ಗುಣವನ್ನೂ ನೋಡಬೇಕು. ಬಳ್ಳಾರಿ ಸೀಮೆಯ ಹಲವು ಊರುಗಳ ಅಂತರ್ಜಲದಲ್ಲಿ ಫ್ಲೋರೈಡ್ ಅಂಶ ಹೆಚ್ಚು. ಮನುಷ್ಯರು ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 1.5 ಮಿಲಿಗ್ರಾಂ ಮೀರಬಾರದು. ದನಗಳಿಗೆ ಸುಮಾರು 2 ಮಿಲಿಗ್ರಾಂವರೆಗೆ ನಡೆಯುತ್ತದೆ. ಒಂದು ಲೀಟರ್ ನೀರನ್ನು ಸ್ವಚ್ಛವಾದ ಪ್ಲಾಸ್ಟಿಕ್ ಬಾಟಲಿಯಲ್ಲಿ ತುಂಬಿ ಪ್ರಯೋಗಾಲಯಕ್ಕೆ ಕೊಟ್ಟರೆ ತಿಳಿಯುತ್ತದೆ. ಅದಕ್ಕೂ ಮೊದಲು ಆ ಕೇರಿಯಲ್ಲೇ ಹುಟ್ಟಿ ಬೆಳೆದ ಹಸುವಿನ ಕೆಳದವಡೆಯ ಮುಂಬಲ್ಲುಗಳನ್ನು ನೋಡಿರಿ. ಹಲ್ಲಿನ ಮೇಲೆ ಕಂದು ಪಟ್ಟೆ, ವಯಸ್ಸಿಗೆ ಮೀರಿದ ಸವೆತ, ಎದ್ದು ನಡೆಯುವಾಗ ಕುಂಟು ಕಂಡರೆ ಅನುಮಾನಪಡಬೇಕು. ಮನೆಯವರಿಗೆ ಶುದ್ಧ ನೀರಿನ ಘಟಕದಿಂದ ಕ್ಯಾನು ತರಬಹುದು, ನಾಲ್ಕು ದನಕ್ಕೆ ತರಲಾಗದು.

ಎರೆಯೋ ಮಸಾರಿಯೋ

ಬೆಳೆಗೆ ಎರೆಭೂಮಿ ಮೇಲು ಎಂಬುದು ನಮ್ಮ ಭಾಗದ ರೂಢಿಯ ಮಾತು. ದನ ಕಟ್ಟುವ ಸ್ಥಳಕ್ಕೆ ಇದು ಅನ್ವಯಿಸುವುದಿಲ್ಲ. ಎರೆಮಣ್ಣು ನೀರು ಕುಡಿದಾಗ ಉಬ್ಬಿ, ಒಣಗಿದಾಗ ಬಿರಿಯುವುದರಿಂದ ಗೋಡೆ ಸೀಳುತ್ತದೆ. ಮಳೆಗಾಲದಲ್ಲಿ ಕೊಟ್ಟಿಗೆಯ ಮುಂದೆ ಕೆಸರು ನಿಂತು ಗೊರಸು ಕೊಳೆಯುತ್ತದೆ, ಕೆಚ್ಚಲು ಬಾವು ಹೆಚ್ಚುತ್ತದೆ. ಮನೆ ಮತ್ತು ಕೊಟ್ಟಿಗೆ ಸ್ವಲ್ಪ ಎತ್ತರದ ಮಸಾರಿ ಅಥವಾ ಗರಸು ನೆಲದ ಮೇಲಿದ್ದು, ಮೇವಿನ ತುಂಡು ಕೆಳಗೆ ಇದ್ದರೆ ಅದಕ್ಕಿಂತ ಅನುಕೂಲ ಬೇರೆ ಇಲ್ಲ. ಕೊಟ್ಟಿಗೆ ತೊಳೆದ ನೀರು ತಾನಾಗಿ ಮೇವಿಗೆ ಹರಿಯುತ್ತದೆ.

ಕಾಲುವೆ ಕೆಳಗಿನ ಎರೆಯಲ್ಲಿ ಇನ್ನೊಂದು ತೊಂದರೆ, ಚೌಳು. ನೆಲದ ಮೇಲೆ ಬಿಳಿ ಪುಡಿ, ಅಲ್ಲಲ್ಲಿ ಪೈರಿಲ್ಲದ ಬೋಳು, ಬದುವಿನ ತುಂಬ ಬಳ್ಳಾರಿ ಜಾಲಿ ಇದ್ದರೆ ಮಣ್ಣು ಪರೀಕ್ಷೆ ಮಾಡಿಸದೆ ಮುಂಗಡ ಕೊಡಬೇಡಿರಿ. ಜಾಲಿಯ ಕಾಯಿ ದನಕ್ಕೆ ಪುಕ್ಕಟೆ ಮೇವಾಗುತ್ತದೆಂದು ಕೆಲವರು ಸಮಾಧಾನ ಹೇಳುತ್ತಾರೆ. ಅದನ್ನೇ ಹೆಚ್ಚಾಗಿ ತಿಂದ ದನದ ದವಡೆ ಸೋಲುತ್ತದೆ. ಬೇರು ಸಹಿತ ಕೀಳಿಸುವ ಖರ್ಚನ್ನು ಜಮೀನಿನ ಬೆಲೆಗೆ ಸೇರಿಸಿಯೇ ಚೌಕಾಸಿ ಮಾಡಬೇಕು.

ಮೇವಿಗೆ ಎಷ್ಟು ಭೂಮಿ? ನಾಲ್ಕು ದನಕ್ಕೆ ದಿನಕ್ಕೆ ತಲಾ 25 ಕಿಲೋ ಹಸಿ ಮೇವೆಂದರೆ ವರ್ಷಕ್ಕೆ ಸುಮಾರು 36 ಟನ್. ಹೈಬ್ರಿಡ್ ನೇಪಿಯರ್ ಎಕರೆಗೆ ವರ್ಷಕ್ಕೆ 150 ಟನ್ ಕೊಡುತ್ತದೆಂದು ನಾವೇ ಪಾಠ ಮಾಡುತ್ತೇವೆ. ರೈತರ ಹೊಲದಲ್ಲಿ ನಾನು ಅದರ ಅರ್ಧಕ್ಕೆ ಲೆಕ್ಕ ಹಾಕುತ್ತೇನೆ. ಆಗಲೂ ಅರ್ಧ ಎಕರೆ ಸಾಕಾಗುತ್ತದೆ. ಜೊತೆಗೆ ಹತ್ತು ಗುಂಟೆ ಕುದುರೆ ಮಸಾಲೆ, ಬದುವಿನ ಮೇಲೆ ಚೊಗಚೆ ಇದ್ದರೆ ಹಿಂಡಿಯ ಖರ್ಚು ಇಳಿಯುತ್ತದೆ. ಒಣ ಮೇವು ತಲಾ 6 ಕಿಲೋದಂತೆ ವರ್ಷಕ್ಕೆ 9 ಟನ್ ಬೇಕು. ಇದನ್ನು ಎರಡು ಎಕರೆಯಲ್ಲಿ ಬೆಳೆಯಲು ಹೊರಡುವುದಕ್ಕಿಂತ ಕಂಪ್ಲಿ ಕಡೆಯ ಭತ್ತದ ಹುಲ್ಲು, ಎರೆ ಊರುಗಳ ಜೋಳದ ಸೊಪ್ಪೆಯನ್ನು ಸುಗ್ಗಿಯಲ್ಲೇ ಕೊಳ್ಳುವುದು ಅಗ್ಗ. ಹಾಗಾದರೆ ಹುಲ್ಲಿನ ಲಾರಿ ಒಳಗೆ ಬರುವ ದಾರಿ ಇರಬೇಕು, ಬಣವೆಗೆ ಅಡುಗೆಮನೆಯಿಂದ ದೂರವಾಗಿ, ವಿದ್ಯುತ್ ತಂತಿಯ ಕೆಳಗಲ್ಲದ ಜಾಗ ಇರಬೇಕು.

ಅದಿರಿನ ಲಾರಿಗಳು ಓಡುವ ರಸ್ತೆಯ ಪಕ್ಕದ ಜಮೀನಾದರೆ ಎಲೆಯ ಮೇಲೆ ಬೆರಳಾಡಿಸಿ ನೋಡಿರಿ. ಕೆಂಪು ಧೂಳು ಕುಳಿತ ಮೇವನ್ನು ದನ ಮೂಸಿ ಬಿಡುತ್ತದೆ. ತೊಳೆದು ಹಾಕಲು ಮತ್ತೆ ನೀರೇ ಬೇಕು.

ಕುರಿ ಸಾಕುವವರಿಗೆ ಈ ಲೆಕ್ಕ ಬೇರೆ. ಬಳ್ಳಾರಿ ತಳಿಯ ಕುರಿಗೆ ಹಟ್ಟಿಯಲ್ಲಿ ತಲಾ ಒಂದು ಚದರ ಮೀಟರ್ ಸಾಕು, ಆದರೆ ಮೇಯಲು ಬಯಲು ಬೇಕು. ಮಾರುವವರು ತೋರಿಸುವ ಬಯಲು ಯಾರದೆಂದು ವಿಚಾರಿಸಬೇಕು. 1994ರಲ್ಲಿ ಘೋಷಿತವಾದ ದರೋಜಿ ಕರಡಿಧಾಮದ ಅಂಚಿನ ಊರುಗಳಲ್ಲಿ ಚಿರತೆಯ ಭಯವೂ ಉಂಟು. ಅಲ್ಲಿ ಮುಳ್ಳುಬೇಲಿಯ ದೊಡ್ಡಿ ಸಾಲದು, ಮೇಲೂ ಜಾಲರಿ ಹಾಕಬೇಕು.

ಇನ್ನೊಂದು ಮಾತನ್ನು ಕೇಳಲು ಜನ ಸಂಕೋಚಪಡುತ್ತಾರೆ. ಆ ಜಾಗದಲ್ಲಿ ಹಿಂದೆ ದನ-ಕುರಿಗಳು ಏಕಾಏಕಿ ಸತ್ತದ್ದುಂಟೆ, ಎಲ್ಲಿ ಹೂಳಿದರು? ನೆರಡಿ ರೋಗದ ಕಣಗಳು ಮಣ್ಣಿನಲ್ಲಿ ಹತ್ತಾರು ವರ್ಷ ಬದುಕಿರುತ್ತವೆ. ಮಾರುವವರು ಹೇಳದಿದ್ದರೆ ಹತ್ತಿರದ ಪಶು ಚಿಕಿತ್ಸಾಲಯದಲ್ಲಿ ಕೇಳಿರಿ. ಆ ನೆಪದಲ್ಲಿ ಅದು ಎಷ್ಟು ದೂರ, ಹಾಲು ಹಾಕಲು ಸಂಘ ಊರಲ್ಲೇ ಇದೆಯೇ ಎಂಬುದೂ ತಿಳಿಯುತ್ತದೆ.

ಕಾಗದಪತ್ರ

ಇದು ನನ್ನ ವಿಷಯವಲ್ಲ. ವಕೀಲರಿಗೆ ತೋರಿಸುವುದು ಅವಶ್ಯ. ಆದರೂ ಎರಡು ಮೂರು ಮಾತು. ಬಳ್ಳಾರಿ ಸೀಮೆ 1953ರವರೆಗೆ ಮದ್ರಾಸ್ ಆಡಳಿತದಲ್ಲಿತ್ತು, ಅದರಿಂದ ಇಲ್ಲಿ ಸೆಂಟ್ಸ್ ಲೆಕ್ಕ ಉಳಿದಿದೆ. ಎಕರೆಗೆ 100 ಸೆಂಟ್ಸ್, 40 ಗುಂಟೆ. "ಇಪ್ಪತ್ತು" ಎಂದು ಬಾಯಿಮಾತಿನಲ್ಲಿ ಹೇಳಿದ್ದು 20 ಗುಂಟೆಯಾದರೆ ಅರ್ಧ ಎಕರೆ, 20 ಸೆಂಟ್ಸ್ ಆದರೆ ಎಂಟೇ ಗುಂಟೆ. ಪಹಣಿ, ಹಕ್ಕು ಬದಲಾವಣೆ ದಾಖಲೆ, ಋಣಭಾರ ಪತ್ರ ಇವಿಷ್ಟನ್ನು ನೋಡದೆ ಮಾತು ಕೊಡಬಾರದು. ಸರ್ವೆ ನಂಬರಿನ ಒಂದು ಭಾಗವನ್ನು ಕೊಳ್ಳುವುದಾದರೆ 11-ಇ ನಕ್ಷೆ ಬೇಕು. ಊರೊಳಗಿನ ಮನೆಗೆ ಪಂಚಾಯಿತಿಯ ನಮೂನೆ 9 ಮತ್ತು 11, ಪುರಸಭೆಯ ಊರಾದರೆ ಇ-ಖಾತೆ.

2020ರ ತಿದ್ದುಪಡಿಯ ನಂತರ ಕೃಷಿಕರಲ್ಲದವರಿಗೂ ಕೃಷಿ ಭೂಮಿ ಕೊಳ್ಳಲು ದಾರಿಯಾಯಿತು. ಅದರಿಂದ ಎಲ್ಲ ಭೂಮಿಯನ್ನೂ ಕೊಳ್ಳಬಹುದೆಂದು ತಿಳಿಯಬಾರದು. ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಭೂಮಿಯನ್ನು ಪೂರ್ವಾನುಮತಿಯಿಲ್ಲದೆ ಕೊಂಡರೆ 1978ರ ಕಾಯಿದೆಯಂತೆ ಆ ಕ್ರಯ ನಿಲ್ಲುವುದಿಲ್ಲ. 2023ರ ತಿದ್ದುಪಡಿಯಂತೆ ಎಷ್ಟು ವರ್ಷದ ನಂತರವಾದರೂ ಅವರು ಮರಳಿ ಕೇಳಬಹುದು, ಕೇಳುವುದು ನ್ಯಾಯವೂ ಹೌದು. ಬೇಲಿಯೊಳಗೆ ಗೋಮಾಳವೋ ಬಂಡಿದಾರಿಯೋ ಸೇರಿದೆಯೇ ಎಂಬುದನ್ನು ಗ್ರಾಮ ನಕಾಶೆ ಹಿಡಿದು ನೋಡಬೇಕು.

ಕೊನೆಗೆ ಮನೆ

ಮನೆ, ಕೊಟ್ಟಿಗೆಗಳನ್ನು ರಿಪೇರಿ ಮಾಡಬಹುದು, ಬೇಕಾದರೆ ಹೊಸದಾಗಿ ಕಟ್ಟಬಹುದು. ದೊಡ್ಡ ಹಸುವಿಗೆ ಸೂರಿನ ಕೆಳಗೆ 3.5 ಚದರ ಮೀಟರ್, ಎಮ್ಮೆಗೆ 4, ಅದರ ಎರಡರಷ್ಟು ಬಯಲು ಅಂಗಳ. ಕೊಟ್ಟಿಗೆಯ ಉದ್ದ ಪೂರ್ವ-ಪಶ್ಚಿಮಕ್ಕೆ ಇದ್ದರೆ ಬಿಸಿಲು ಒಳಗೆ ಹೊಡೆಯುವುದಿಲ್ಲ. ಮುಂಗಾರಿನ ಗಾಳಿ ನೈಋತ್ಯದಿಂದ ಬೀಸುವುದರಿಂದ ಕೊಟ್ಟಿಗೆ, ತಿಪ್ಪೆಗಳು ಮನೆಯ ಪೂರ್ವಕ್ಕೋ ಈಶಾನ್ಯಕ್ಕೋ ಇರಲಿ. ತಿಪ್ಪೆ ಬಾವಿಯಿಂದ 50 ಅಡಿಯಾದರೂ ದೂರ, ಇಳಿಜಾರಿನಲ್ಲಿರಲಿ. ತಗ್ಗು ತಗಡಿನ ಕೊಟ್ಟಿಗೆಗೆ ನಾನು ಬೆಲೆ ಕಟ್ಟುವುದಿಲ್ಲ. ಎರಡು ದೊಡ್ಡ ಬೇವಿನ ಮರಗಳಿದ್ದರೆ ಕಟ್ಟುತ್ತೇನೆ, ನಮ್ಮ ಮೇ ತಿಂಗಳಲ್ಲಿ ಎಮ್ಮೆಗಳು ನಿಲ್ಲುವುದು ಅವುಗಳ ಕೆಳಗೆ.

ಕುರೆಕುಪ್ಪದ ದಂಪತಿಗಳು ನಾಲ್ಕನೆಯದಾಗಿ ನೋಡಿದ್ದು ಒಂದೂವರೆ ಎಕರೆ ಮಸಾರಿ, ಮೂರು ಬೇವು, ಒಂದು ಕೊಳವೆಬಾವಿ ಮತ್ತು ಅರ್ಧ ಮಾಳಿಗೆ ಕುಸಿದ ಮನೆ. ಹೆಂಡತಿ ಮನೆ ನೋಡಿ ಕಣ್ಣೀರು ತಂದುಕೊಂಡರು. ಕರಾರು ಪತ್ರವನ್ನು ನೋಂದಾಯಿಸಿ ಸಣ್ಣ ಮುಂಗಡ ಕೊಟ್ಟು, ಏಪ್ರಿಲ್ ಕೊನೆಯಲ್ಲಿ ನೀರು ಅಳೆದ ಮೇಲೆ ಕ್ರಯ ಎಂದು ಷರತ್ತು ಹಾಕಿದಾಗ ಮಾಲೀಕರು ನಕ್ಕರು; ಬೇರೆ ಗಿರಾಕಿ ಇರಲಿಲ್ಲವಾದ್ದರಿಂದ ಒಪ್ಪಿದರು. ಏಪ್ರಿಲ್ 28ರಂದು ಮೂರು ಗಂಟೆ ಮೋಟಾರು ಓಡಿಸಿ ಡ್ರಮ್ ಇಟ್ಟೆವು. ತುಂಬಲು ಐದು ನಿಮಿಷ ಇಪ್ಪತ್ತು ಸೆಕೆಂಡ್ ಬೇಕಾಯಿತು. ಏಳು ಗಂಟೆಗೆ 15,750 ಲೀಟರ್; ಅರ್ಧ ಎಕರೆ ನೇಪಿಯರ್, ಹತ್ತು ಗುಂಟೆ ಕುದುರೆ ಮಸಾಲೆ, ದನ, ಮನೆ ಎಲ್ಲಕ್ಕೂ ಸರಿಹೋಗುವ ನೀರು. ಫ್ಲೋರೈಡ್ 1.1 ಬಂದಿತ್ತು. ಮೇ ತಿಂಗಳಲ್ಲಿ ಕ್ರಯವಾಯಿತು. ಮೊದಲು ನೇಪಿಯರ್ ಕಾಂಡ ನೆಟ್ಟರು, ಅದು ಒಂದು ಕಟಾವಿಗೆ ಬಂದ ಮೇಲೆ ಎಮ್ಮೆಗಳನ್ನು ಹೊಡೆದುಕೊಂಡು ಹೋದರು. ನಾನು ಹಿಂದಿನ ತಿಂಗಳು ಹೋದಾಗ ಮಾಳಿಗೆಯ ಅರ್ಧ ಇನ್ನೂ ತಗಡಿನದೇ ಇತ್ತು. ಸಂಘಕ್ಕೆ ಬೆಳಗಿನ ಹೊತ್ತು ಹದಿನಾಲ್ಕು ಲೀಟರ್ ಹಾಕುತ್ತಿದ್ದರು.