ಅವನನ್ನೂ ಕೇಳುತ್ತೀರಾ?

ಮಕ್ಕಳೇ, ಸಿಡ್ನಿಯ ಪೆಂಡಲ್ ಹಿಲ್‌ನಲ್ಲಿ ಬೆಳೆದ ನಿಮಗೆ ಗಂಡು ಹೆಣ್ಣು ಸಮ ಅಂತ ಯಾರೂ ಹೊಸದಾಗಿ ಹೇಳಿಕೊಡಬೇಕಿಲ್ಲ. ಶಾಲೆಯಲ್ಲಿ ಕಲಿತಿದ್ದೀರಿ. ಈ ದೇಶದಲ್ಲಿ 1984ರಿಂದ ಅದಕ್ಕೊಂದು ಕಾನೂನೂ ಇದೆ. ನಾನು ಹೇಳಬೇಕೆಂದಿರುವುದು ಕಾನೂನಿನ ಕೈಗೆ ಸಿಗದ ಸಣ್ಣ ಸಣ್ಣ ಮಾತುಗಳ ಬಗ್ಗೆ. ಅವು ಬಹಳ ಸಲ ಪ್ರೀತಿಯಿಂದಲೇ ಬರುತ್ತವೆ. ನನ್ನ ವಯಸ್ಸಿನ ಹೆಂಗಸರ ಬಾಯಿಂದಲೂ ಬರುತ್ತವೆ. ಎದುರಾಡಲು ಕಷ್ಟವಾಗುವುದು ಅದಕ್ಕೇ.

ಯುಗಾದಿ ಊಟಕ್ಕೆ ಹಾಲ್ ಬಾಡಿಗೆ ಹಿಡಿದ ದಿನ ಸ್ವಲ್ಪ ಗಮನಿಸಿ. ಯಾರೋ ಒಬ್ಬ ಅಪ್ಪ ಮಗುವಿನ ನ್ಯಾಪಿ ಬದಲಿಸಿ, ಅದನ್ನು ಹೆಗಲಿಗೆ ಹಾಕಿಕೊಂಡು ಹೊರಗೆ ಬರುತ್ತಾನೆ. ಕುರ್ಚಿ ಸಾಲಿನಲ್ಲಿ ಕೂತ ಹಿರಿಯರು ಅವನ ಹೆಂಡತಿಯನ್ನು ಕರೆದು, "ಏನು ಪುಣ್ಯ ಮಾಡಿದ್ಯಮ್ಮ, ಇಂಥ ಗಂಡ ಸಿಗೋದಕ್ಕೆ" ಅನ್ನುತ್ತಾರೆ. ಬೆಳಗಿನಿಂದ ಅದೇ ಮಗುವನ್ನು ಸಂಭಾಳಿಸಿ, ಇಪ್ಪತ್ತು ಜನಕ್ಕೆ ಚಿತ್ರಾನ್ನ ಕಲಸಿಕೊಂಡು ಬಂದವಳು ಅವಳು. ಅವನನ್ನು ಕರೆದು "ಏನು ಪುಣ್ಯ ಮಾಡಿದ್ಯಪ್ಪ" ಅಂದವರನ್ನು ನಾನು ಕಂಡಿಲ್ಲ. ಊಟವಾದ ಮೇಲೆ ಪಾತ್ರೆ ತೊಳೆಯುವ ಕಡೆ ಹೋಗಿ ನೋಡಿ. ಅಲ್ಲಿ ಡಾಕ್ಟರು ಇರುತ್ತಾರೆ, ಎಂಜಿನಿಯರು ಇರುತ್ತಾರೆ, ಬ್ಯಾಂಕಿನ ಮ್ಯಾನೇಜರೂ ಇರುತ್ತಾರೆ. ಎಲ್ಲರೂ ಹೆಂಗಸರು. ಅವರ ಜೊತೆ ಓದಿದ, ಅದೇ ಕೆಲಸ ಮಾಡುವ ಗಂಡಸರು ಹೊರಗೆ ಕಾಫಿ ಹಿಡಿದು ಕ್ರಿಕೆಟ್ ಮಾತಾಡುತ್ತಿರುತ್ತಾರೆ. ಯಾರೂ ಯಾರಿಗೂ ಅಪ್ಪಣೆ ಮಾಡಿರುವುದಿಲ್ಲ. ಕಾಲುಗಳು ತಾವಾಗಿ ಆ ಕಡೆ ಈ ಕಡೆ ನಡೆದಿರುತ್ತವೆ.

ಹೀಗೆ ತಾವಾಗಿ ನಡೆಯುವ ಎಷ್ಟೋ ಸಂಗತಿ ಒಂದು ಕಾಲಕ್ಕೆ ಬರೆದಿಟ್ಟ ನಿಯಮವೇ ಆಗಿತ್ತು. ಎರಡು ಹೆಸರು ಹೇಳುತ್ತೇನೆ, ನೆನಪಿಟ್ಟುಕೊಳ್ಳಿ.

ಒಬ್ಬರು ನಮ್ಮ ಕೊಡಗಿನ ವಿರಾಜಪೇಟೆಯವರು, ಸಿ.ಬಿ. ಮುತ್ತಮ್ಮ. 1949ರಲ್ಲಿ ಭಾರತದ ವಿದೇಶಾಂಗ ಸೇವೆಗೆ ಸೇರಿದ ಮೊದಲ ಮಹಿಳೆ. ಮದುವೆಯಾದರೆ ಕೆಲಸ ಬಿಡುತ್ತೇನೆ ಅಂತ ಸೇರುವಾಗಲೇ ಮುಚ್ಚಳಿಕೆ ಬರೆದುಕೊಡಬೇಕಾಯಿತು. ಜೊತೆಗೆ ಸೇರಿದ ಗಂಡಸರಿಗೆ ಆ ಕಾಗದ ಇರಲಿಲ್ಲ. ಮುಂದೆ ಬಡ್ತಿ ತಪ್ಪಿದಾಗ ಆಕೆ ಸುಪ್ರೀಂ ಕೋರ್ಟಿಗೆ ಹೋದರು. 1979ರಲ್ಲಿ ವಿ.ಆರ್. ಕೃಷ್ಣ ಅಯ್ಯರ್ ಅವರ ಪೀಠದ ಮುಂದೆ ವಿಚಾರಣೆ ಬರುವ ಹೊತ್ತಿಗೆ ಸರ್ಕಾರ ಬಡ್ತಿ ಕೊಟ್ಟಾಗಿತ್ತು. ಆದರೂ ನ್ಯಾಯಮೂರ್ತಿಗಳು ಆ ನಿಯಮಗಳನ್ನು ಸುಮ್ಮನೆ ಬಿಡಲಿಲ್ಲ. ಸಂಸಾರದ ಹೊಣೆ ಹೆಂಗಸಿನ ಕೆಲಸಕ್ಕೆ ಅಡ್ಡಿಯಾಗುವುದಾದರೆ ಗಂಡಸಿನ ಕೆಲಸಕ್ಕೂ ಆಗಬಹುದಲ್ಲ ಅಂತ ತೀರ್ಪಿನಲ್ಲೇ ಕೇಳಿದರು.

ಇನ್ನೊಬ್ಬರು ಇದೇ ಸಿಡ್ನಿಯ ವಿಜ್ಞಾನಿ ರೂಬಿ ಪೇಯ್ನ್-ಸ್ಕಾಟ್. ಸೂರ್ಯನಿಂದ ಬರುವ ರೇಡಿಯೊ ಅಲೆಗಳನ್ನು ಡೋವರ್ ಹೈಟ್ಸ್‌ನ ಕಡಲ ಬಂಡೆಯ ಮೇಲಿನಿಂದ ಅಳೆದವರಲ್ಲಿ ಒಬ್ಬರು. ರೇಡಿಯೊ ಖಗೋಳವಿಜ್ಞಾನ ಕಣ್ಣು ಬಿಡುತ್ತಿದ್ದ ಕಾಲ ಅದು. ಮದುವೆಯಾದ ಹೆಂಗಸಿಗೆ ಸರ್ಕಾರದಲ್ಲಿ ಕಾಯಂ ಕೆಲಸ ಇಲ್ಲ ಎಂಬ ನಿಯಮ ಇದ್ದುದರಿಂದ 1944ರಲ್ಲಿ ಆಕೆ ಗುಟ್ಟಾಗಿ ಮದುವೆಯಾದರು. 1950ರಲ್ಲಿ ಗುಟ್ಟು ರಟ್ಟಾಯಿತು, ಕಾಯಂ ಹುದ್ದೆ ಹೋಯಿತು, ಪಿಂಚಣಿಯ ಹಕ್ಕೂ ಹೋಯಿತು. ಮರುವರ್ಷ ಹೆರಿಗೆಗೆ ಮುಂಚೆ ಕೆಲಸವನ್ನೇ ಬಿಟ್ಟರು. ಆಸ್ಟ್ರೇಲಿಯಾದ ಕೇಂದ್ರ ಸರ್ಕಾರ ಆ ನಿಯಮವನ್ನು ತೆಗೆದದ್ದು 1966ರಲ್ಲಿ.

ಒಬ್ಬರು ಕೊಡಗಿನವರು, ಒಬ್ಬರು ಸಿಡ್ನಿಯವರು. "ನಮ್ಮ ಇಂಡಿಯನ್ ಜನಾನೇ ಹೀಗೆ" ಅಂತ ನೀವು ಬೇಸರ ಮಾಡಿಕೊಳ್ಳುವುದನ್ನು ಕೇಳಿದ್ದೇನೆ. "ನಮ್ಮ ಸಂಸ್ಕೃತಿಯಲ್ಲಿ ಹೆಣ್ಣು ದೇವತೆ, ತಪ್ಪೆಲ್ಲ ಈ ದೇಶದ್ದು" ಅನ್ನುವ ಹಿರಿಯರನ್ನೂ ಕೇಳಿದ್ದೇನೆ. ಎರಡನ್ನೂ ನಾನು ಒಪ್ಪುವುದಿಲ್ಲ. ಜೂಲಿಯಾ ಗಿಲಾರ್ಡ್ ಪ್ರಧಾನಿಯಾಗುವ ಮೊದಲು, 2005ರಲ್ಲಿ, ಮೆಲ್ಬರ್ನ್‌ನ ಆಲ್ಟೋನಾದ ಅವರ ಮನೆಯ ಅಡುಗೆಕೋಣೆಯ ಫೋಟೊ ಪತ್ರಿಕೆಯಲ್ಲಿ ಬಂತು. ಮೇಜಿನ ಮೇಲೆ ಹಣ್ಣಿನ ಬಟ್ಟಲು ಖಾಲಿ ಇತ್ತು. ಗಂಡನಿಲ್ಲ, ಮಕ್ಕಳಿಲ್ಲ, ಬಟ್ಟಲಲ್ಲಿ ಹಣ್ಣೂ ಇಲ್ಲ ಎಂದು ಅದರ ಮೇಲೇ ಎಷ್ಟೋ ಮಾತು ನಡೆಯಿತು. ಯಾವ ಗಂಡು ರಾಜಕಾರಣಿಯ ಮನೆಯ ಹಣ್ಣಿನ ಬಟ್ಟಲನ್ನು ಯಾರು ಇಣುಕಿ ನೋಡಿದ್ದಾರೆ? ಅಂಥ ಎಷ್ಟೋ ಮಾತು ನುಂಗಿಕೊಂಡ ಮೇಲೆ, 2012ರ ಅಕ್ಟೋಬರ್ 9ರಂದು ಆಕೆ ಸಂಸತ್ತಿನಲ್ಲಿ ಎದ್ದು ನಿಂತು ಹೆಣ್ಣುದ್ವೇಷದ ಬಗ್ಗೆ ಮಾತಾಡಿದರು. ನೀವು ಆ ವಿಡಿಯೊ ನೋಡಿರುತ್ತೀರಿ. ಇನ್ನೊಮ್ಮೆ ನೋಡಿ, ಹುಡುಗರೂ ನೋಡಿ.

ಆದ್ದರಿಂದ ಹೆಣ್ಣುಮಕ್ಕಳೇ, ಯಾರಾದರೂ ನಿಮಗೊಂದು ಬುದ್ಧಿಮಾತು ಹೇಳಿದರೆ, ಕೃಷ್ಣ ಅಯ್ಯರ್ ಕೇಳಿದ್ದನ್ನೇ ನೀವೂ ಕೇಳಿ. ಇದನ್ನು ಅಣ್ಣನಿಗೂ ಹೇಳುತ್ತೀರಾ? ಮದುವೆಯ ಮಾತುಕತೆಯಲ್ಲಿ "ಅಡುಗೆ ಬರುತ್ತಾ?" ಅಂದರೆ, ಹುಡುಗನಿಗೆ ಬರುತ್ತಾ ಅಂತ ಕೇಳಿ. ಮಗುವಾದ ಮೇಲೆ "ಕೆಲಸ ಬಿಡ್ತೀಯಾ?" ಅಂದರೆ, ಅವನನ್ನೂ ಕೇಳಿದಿರಾ ಅನ್ನಿ. ದನಿ ಏರಿಸಬೇಡಿ, ಕ್ಷಮೆಯನ್ನೂ ಕೇಳಬೇಡಿ. ಕೇಳಿ ಸುಮ್ಮನಿದ್ದು, ಉತ್ತರ ಬರುವ ತನಕ ಕಾಯಿರಿ.

ಸಿಟಿಯಿಂದ ರಾತ್ರಿ ಹತ್ತರ ರೈಲು ಹತ್ತಿದ ಮಗಳಿಗೆ ಪ್ಯಾರಮಟ್ಟ ಬರುವುದರೊಳಗೆ ಎರಡು ಸಲ ಫೋನ್ ಬರುತ್ತದೆ. ಮಗ ಹನ್ನೆರಡಕ್ಕೆ ಬಂದರೂ "ಹುಡುಗರಲ್ವಾ" ಅನ್ನುತ್ತೇವೆ. ಅಮ್ಮನ ಭಯ ಸುಳ್ಳಲ್ಲ, ಅದನ್ನು ಹಗುರ ಮಾಡಬೇಡಿ. ಆದರೆ ರಸ್ತೆ ಹೆಣ್ಣಿಗೆ ಅಪಾಯವಾಗಿರುವುದು ಹೆಣ್ಣಿನಿಂದಲ್ಲ. ಹಾಗಿರುವಾಗ ತಿಳಿಹೇಳುವ ಮಾತೆಲ್ಲ ಮಗಳಿಗೇ ಏಕೆ? ಮಗನನ್ನು ಕೂರಿಸಿಕೊಂಡು, ಖಾಲಿ ಬೋಗಿಯಲ್ಲಿ ಒಬ್ಬಳೇ ಕೂತವಳ ಪಕ್ಕದ ಸೀಟಿಗೆ ಹೋಗಬೇಡ, ಸ್ನೇಹಿತರು ಯಾರನ್ನಾದರೂ ಚುಡಾಯಿಸಿದರೆ ನಗಬೇಡ, ಅಲ್ಲೇ ತಡೆ ಅಂತ ಹೇಳಿದ ಮನೆ ಎಷ್ಟಿವೆ?

ಹುಡುಗರೇ, ನಿಮಗೆ ಇನ್ನೂ ಸ್ವಲ್ಪ ಹೇಳುವುದಿದೆ. ಈ ದೇಶದ 2020-21ರ ಸಮೀಕ್ಷೆಯ ಪ್ರಕಾರ ಹೆಂಗಸರು ಸಂಬಳವಿಲ್ಲದ ಕೆಲಸಕ್ಕೆ ದಿನಕ್ಕೆ 4 ಗಂಟೆ 31 ನಿಮಿಷ ಕೊಡುತ್ತಾರೆ, ಗಂಡಸರು 3 ಗಂಟೆ 12 ನಿಮಿಷ. ಭಾರತದಲ್ಲಿ 2019ರ ಲೆಕ್ಕ ನೋಡಿದರೆ, ಮನೆಗೆಲಸ ಮಾಡುವವರಲ್ಲೇ ಹೆಂಗಸರದು 299 ನಿಮಿಷ, ಗಂಡಸರದು 97. ಗಡಿಯಾರಕ್ಕೆ ಸಿಗದ ಕೆಲಸ ಇನ್ನೊಂದಿದೆ. ಮಗುವಿನ ಲಸಿಕೆ ಯಾವತ್ತು, ಅತ್ತೆಯ ಬಿಪಿ ಮಾತ್ರೆ ಎಷ್ಟು ಉಳಿದಿದೆ, ಊರಿಗೆ ಯಾರ ಗೃಹಪ್ರವೇಶಕ್ಕೆ ಫೋನ್ ಮಾಡಬೇಕು, ಇದೆಲ್ಲ ಒಬ್ಬಳ ತಲೆಯಲ್ಲೇ ಇರುತ್ತದೆ. "ಏನು ಮಾಡಬೇಕು ಹೇಳು, ಮಾಡ್ತೀನಿ" ಅನ್ನುವುದು ಒಳ್ಳೆಯ ಮಾತಿನ ಹಾಗೆ ಕೇಳಿಸುತ್ತದೆ. ಹೇಳುವ ಕೆಲಸ ಮಾತ್ರ ಅವಳಿಗೇ ಉಳಿಯಿತು. ಒಂದೆರಡು ಜವಾಬ್ದಾರಿಯನ್ನು ಬುಡದಿಂದ ತುದಿಯವರೆಗೆ ನಿಮ್ಮದಾಗಿಸಿಕೊಳ್ಳಿ. ಅಳುವ ಗಂಡಸನ್ನು ನಂಬಬಾರದು ಅಂತ ನಮ್ಮಲ್ಲೊಂದು ಗಾದೆ ಇದೆಯಲ್ಲ, ಅದನ್ನೂ ಬಿಟ್ಟುಬಿಡಿ. ಅಳು ಬಂದರೆ ಅಳಿ.

ಹೆಣ್ಣುಮಕ್ಕಳೇ, ಹಣದ ವಿಷಯ ಚಿಕ್ಕದಾಗಿ ಹೇಳುತ್ತೇನೆ, ಆದರೆ ಗಟ್ಟಿಯಾಗಿ. ಸಂಬಳ ನಿಮ್ಮ ಹೆಸರಿನ ಖಾತೆಗೇ ಬೀಳಲಿ. ಪಾಸ್‌ಪೋರ್ಟು, ವೀಸಾ ಕಾಗದ ನಿಮ್ಮ ಕೈಯಲ್ಲೇ ಇರಲಿ. ಊರಿನಿಂದ ಮದುವೆಯಾಗಿ ಬಂದ ಹುಡುಗಿ ನಿಮ್ಮ ಪಕ್ಕದ ಫ್ಲ್ಯಾಟಿನಲ್ಲಿದ್ದರೆ ಇದನ್ನು ಅವಳಿಗೂ ಹೇಳಿ. ಹಣ ತಡೆದು, ತವರಿನವರ ಜೊತೆ ಮಾತು ಬಿಡಿಸಿ ಪದೇ ಪದೇ ಸಂಗಾತಿಯನ್ನು ಹತೋಟಿಯಲ್ಲಿಡುವುದು 2024ರ ಜುಲೈ 1ರಿಂದ ನಮ್ಮ ನ್ಯೂ ಸೌತ್ ವೇಲ್ಸ್‌ನಲ್ಲಿ ಅಪರಾಧ. ವರದಕ್ಷಿಣೆಗೆ ಪೀಡಿಸುವುದೂ ಕೌಟುಂಬಿಕ ಹಿಂಸೆ ಅಂತ ವಿಕ್ಟೋರಿಯಾ 2018ರ ತಿದ್ದುಪಡಿಯಲ್ಲಿ ಬರೆದಿದೆ. ಇಂಥದ್ದಕ್ಕೆ ಸಹಾಯ ಬೇಕಾದರೆ 1800 737 732ಕ್ಕೆ ಹಗಲು ರಾತ್ರಿ ಫೋನ್ ಮಾಡಬಹುದು.

ಕೊನೆಗೆ ಊರಿನ ಆಸ್ತಿ. ಡಿಸೆಂಬರ್ ರಜೆಗೆ ಬೆಂಗಳೂರಿಗೋ ಮೈಸೂರಿಗೋ ಹೋದ ಹೆಣ್ಣುಮಕ್ಕಳ ಮುಂದೆ ಊಟದ ಮೇಜಿನ ಮೇಲೇ ಹಕ್ಕು ಬಿಡುಗಡೆ ಪತ್ರ ಬರುತ್ತದೆ. "ನಿನಗೇನು ಕಮ್ಮಿ, ಡಾಲರ್‌ನಲ್ಲಿ ದುಡೀತೀಯ. ಅರಿಶಿನ ಕುಂಕುಮಕ್ಕೆ ಅಂತ ಕೊಡ್ತೀವಿ, ಒಂದು ಸೈನ್ ಹಾಕು." ಡಾಲರ್‌ನಲ್ಲಿ ದುಡಿಯುವ ಅಣ್ಣನಿಗೆ ಈ ಮಾತು ಹೇಳಿದ್ದನ್ನು ನಾನು ಕೇಳಿಲ್ಲ. ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಹುಟ್ಟಿನಿಂದ ಪಾಲು ಅಂತ ಕರ್ನಾಟಕ 1994ರ ಜುಲೈ 30ರಿಂದಲೇ ಕಾನೂನು ಮಾಡಿತ್ತು. ಆಗಲೂ, ಅಷ್ಟರೊಳಗೆ ಮದುವೆಯಾದ ಹೆಣ್ಣುಮಕ್ಕಳನ್ನು ಹೊರಗಿಟ್ಟಿತು, ಮದುವೆಯಾದ ಗಂಡುಮಕ್ಕಳನ್ನು ಇಡಲಿಲ್ಲ. 2005ರ ಕೇಂದ್ರ ತಿದ್ದುಪಡಿ ಆ ಭೇದವನ್ನು ತೆಗೆಯಿತು. ಆ ತಿದ್ದುಪಡಿ ಜಾರಿಗೆ ಬಂದ ದಿನ ತಂದೆ ಬದುಕಿರಲೇಬೇಕೆಂದಿಲ್ಲ ಅಂತ ಸುಪ್ರೀಂ ಕೋರ್ಟ್ 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಪ್ರಕರಣದಲ್ಲಿ ಹೇಳಿತು. ಪಾಲು ಬೇಕೋ ಬೇಡವೋ, ನಿಮ್ಮಿಷ್ಟ. ಅಣ್ಣನಿಗೇ ಕೊಡಬೇಕೆನಿಸಿದರೆ ಮನಸಾರೆ ಕೊಡಿ. ಆದರೆ ವಿಮಾನ ಹತ್ತುವ ಹಿಂದಿನ ರಾತ್ರಿ, ಓದದೆ ಸೈನ್ ಹಾಕಬೇಡಿ. ಪ್ರತಿ ತೆಗೆದುಕೊಳ್ಳಿ, ನಿಮ್ಮದೇ ವಕೀಲರಿಗೆ ತೋರಿಸಿ. ತಮ್ಮಂದಿರೇ, ಅಣ್ಣಂದಿರೇ, ಆ ಕಾಗದ ಮೇಜಿಗೆ ಬಂದಾಗ ಅಕ್ಕತಂಗಿಯರೇ ಬಾಯಿಬಿಟ್ಟು ಕೇಳಲಿ ಅಂತ ಕಾಯಬೇಡಿ. "ಅವಳ ಪಾಲೂ ಬರೆಯಿರಿ" ಅಂತ ಮೊದಲು ನೀವೇ ಹೇಳಿ.