ಕಾರಿಗೆ ಸಣ್ಣ ಪೆಟ್ಟು: ಕ್ಲೈಮ್ ಮಾಡಬೇಕೇ, ಕೈಯಿಂದ ಕೊಡಬೇಕೇ?

ಲಿಂಗದಹಳ್ಳಿ ದಾಟಿ, ಕಲ್ಲತ್ತಿಗಿರಿಯಿಂದ ಕೆಮ್ಮಣ್ಣುಗುಂಡಿಗೆ ಹತ್ತುವ ರಸ್ತೆಯ ಎಷ್ಟೋ ತಿರುವುಗಳಲ್ಲಿ ಎರಡು ಕಾರು ಎದುರುಬದುರಾದರೆ ಒಬ್ಬರು ನಿಲ್ಲಲೇಬೇಕು. ಹೆಬ್ಬೆ ಜಲಪಾತ ನೋಡಲು ಬರುವವರಲ್ಲಿ ಬಹಳ ಜನ ಇದೇ ದಾರಿ ಹಿಡಿಯುತ್ತಾರೆ. ರಜೆ ಬಂತೆಂದರೆ ಊರೂರಿನ ಕಾರುಗಳೆಲ್ಲ ಇಲ್ಲೇ. ಕಳೆದ ಬೇಸಿಗೆಯಲ್ಲಿ ನೆಂಟರನ್ನು ಕೂರಿಸಿಕೊಂಡು ನಾವೂ ಹೆಬ್ಬೆಗೆ ಹೊರಟಿದ್ದೆವು. ತಿರುವೊಂದರಲ್ಲಿ ಮೇಲಿನಿಂದ ಇಳಿದು ಬಂದ ಕಾರು ನಿಲ್ಲದೆ ಮುಂದೆ ನುಗ್ಗಿ, ನಮ್ಮ ಕಾರಿನ ಬಲಮಗ್ಗುಲನ್ನು ಉಜ್ಜಿಕೊಂಡು ಹೋಯಿತು. ಹಿಂದಿನ ಬಾಗಿಲು ತಗ್ಗಿತು, ಹಿಂಚಕ್ರದ ಮೇಲಿನ ತಗಡು ತರಚಿತು, ಬಂಪರಿನ ಮೂಲೆ ಸೀಳಿತು, ಟೈಲ್ ಲ್ಯಾಂಪ್ ಒಡೆಯಿತು. ಪುಣ್ಯಕ್ಕೆ ಯಾರಿಗೂ ಗಾಯವಾಗಲಿಲ್ಲ.

ಘಟ್ಟದ ರಸ್ತೆ ಕಿರಿದಾಗಿದ್ದರೆ ಇಳಿಯುವವರು ಪಕ್ಕಕ್ಕೆ ನಿಂತು ಹತ್ತುವವರಿಗೆ ದಾರಿ ಬಿಡಬೇಕು. ಇದು ಸಂಚಾರ ನಿಯಮದಲ್ಲೇ ಇರುವ ಮಾತು. ಆ ಕಾರಿನ ಹುಡುಗ ಇಳಿದು ಬಂದು ಕ್ಷಮೆ ಕೇಳಿದ, ಜೇಬಿನಿಂದ 2,000 ರೂ. ತೆಗೆದು ಕೊಡಲು ಬಂದ. ನಾನು ತೆಗೆದುಕೊಳ್ಳಲಿಲ್ಲ. ಸೀಳಿದ ಬಂಪರಿನ ಹಿಂದೆ ಏನೇನು ಮುರಿದಿದೆ ಎಂದು ರಸ್ತೆಯಲ್ಲಿ ನಿಂತು ಹೇಳಲು ಆಗುವುದಿಲ್ಲ. ಲೆಕ್ಕ ಗೊತ್ತಾಗುವ ಮೊದಲೇ ಮೊತ್ತ ಒಪ್ಪಿಕೊಂಡರೆ ಇಬ್ಬರಲ್ಲಿ ಒಬ್ಬರಿಗೆ ಮೋಸ. ಎರಡೂ ಕಾರಿನ, ರಸ್ತೆಯ, ನಂಬರ್ ಪ್ಲೇಟಿನ ಫೋಟೊ ತೆಗೆದುಕೊಂಡೆ. ಅವನ ಲೈಸೆನ್ಸ್ ಮತ್ತು ವಿಮೆ ಪತ್ರದ ಫೋಟೊವನ್ನೂ ತೆಗೆದು, ಫೋನ್ ನಂಬರ್ ಪಡೆದುಕೊಂಡೆ. ರಿಪೇರಿ ಬಿಲ್ ಆದ ಮೇಲೆ ಮಾತಾಡೋಣ ಎಂದೆ. ಅವನೂ ಒಪ್ಪಿದ.

ಅಷ್ಟರಲ್ಲಿ ಹಿಂದೆ ನಿಂತಿದ್ದ ಜೀಪಿನ ಚಾಲಕರೊಬ್ಬರು ಇಳಿದು ಬಂದರು. ಕೆಮ್ಮಣ್ಣುಗುಂಡಿಯಿಂದ ಹೆಬ್ಬೆಯ ಕಡೆಗೆ ದಿನಾ ಪ್ರವಾಸಿಗರನ್ನು ಕರೆದೊಯ್ಯುವವರು. ಹಿಂಚಕ್ರದ ಮೇಲಿನ ತಗಡಿನ ಒಳಅಂಚಿಗೆ ಬೆರಳು ತೂರಿಸಿ, ಟೈರಿಗೂ ತಗಡಿಗೂ ನಡುವೆ ಸುತ್ತ ಒಮ್ಮೆ ಎಳೆದು ನೋಡಿದರು. ಡಿಕ್ಕಿ ತೆಗೆಸಿ ಹಾಕಿಸಿದರು. ಬ್ರೇಕ್ ಒತ್ತಿಸಿ ಯಾವ ದೀಪ ಉರಿಯುತ್ತಿದೆ ಎಂದು ನೋಡಿದರು. ಕೊನೆಗೆ ಬಣ್ಣ ಎದ್ದು ತಗಡು ಕಾಣುತ್ತಿದ್ದ ಜಾಗ ತೋರಿಸಿ, "ಟೈರಿಗೆ ತಾಗ್ತಿಲ್ಲ, ಗಾಡಿ ಓಡ್ಸಬಹುದು. ಕತ್ತಲಾಗೋಕೆ ಮುಂಚೆ ಇಳೀರಿ, ಹಿಂದೆ ದೀಪ ಇಲ್ಲ. ಮಳೆ ಹಿಡಿಯೋಕೆ ಮುಂಚೆ ಇದನ್ನ ಮುಚ್ಚಿಸಿ, ಇಲ್ದಿದ್ರೆ ತುಕ್ಕು ತಿನ್ನುತ್ತೆ" ಎಂದರು.

ಇಡೀ ವಿಷಯದ ತಿರುಳು ಅವರ ಮಾತಿನಲ್ಲೇ ಇತ್ತು. ಕಾರಿಗೆ ಪೆಟ್ಟು ಬಿದ್ದಾಗ "ಇನ್ಶೂರೆನ್ಸ್ ಇದೆಯಲ್ಲ, ಮಾಡಿಸಿದರಾಯಿತು" ಎಂದೋ "ಸಣ್ಣದು ಬಿಡಿ" ಎಂದೋ ಒಂದೇ ಉಸಿರಿಗೆ ತೀರ್ಮಾನಿಸುತ್ತೇವೆ. ಯಾವುದನ್ನು ರಿಪೇರಿ ಮಾಡಿಸಲೇಬೇಕು ಎನ್ನುವುದು ಒಂದು ಪ್ರಶ್ನೆ. ಅದರ ದುಡ್ಡು ಎಲ್ಲಿಂದ ಬರಬೇಕು ಎನ್ನುವುದು ಬೇರೆಯೇ ಪ್ರಶ್ನೆ. ಮೊದಲನೆಯದಕ್ಕೆ ಸುರಕ್ಷತೆ ಉತ್ತರ ಕೊಡಬೇಕು, ಎರಡನೆಯದಕ್ಕೆ ಲೆಕ್ಕ.

ಸುರಕ್ಷತೆಯ ಮಾತು ಮೊದಲು. ಒಡೆದ ಟೈಲ್ ಲ್ಯಾಂಪನ್ನು ಬದಲಾಯಿಸಲೇಬೇಕು. ಮಂಜು ಕವಿಯುವ ಘಟ್ಟದಲ್ಲಿ ಹಿಂದಿನವರಿಗೆ ನಾವು ಕಾಣುವುದೇ ಆ ದೀಪದಿಂದ. ನೇತಾಡುವ ಬಂಪರ್, ಟೈರಿಗೆ ತಾಗುವ ತಗಡು, ಸರಿಯಾಗಿ ಹಾಕಿಕೊಳ್ಳದ ಬಾಗಿಲು, ಒಂದು ಕಡೆಗೆ ಎಳೆಯುವ ಸ್ಟಿಯರಿಂಗ್, ಕಾರಿನಡಿ ಹನಿಯುವ ನೀರು ಅಥವಾ ಎಣ್ಣೆ, ಇವು ಯಾವುವನ್ನೂ ಮುಂದೂಡುವಂತಿಲ್ಲ. ಬಣ್ಣ ಎದ್ದ ತಗಡನ್ನು ನಮ್ಮ ಕಡೆ ಜೂನ್ ಒಳಗೆ ಮುಚ್ಚಿಸಬೇಕು. ಪ್ಲಾಸ್ಟಿಕ್ ಬಂಪರಿನ ಮೇಲಿನ ಗೀರು, ಬಣ್ಣ ಬಿಡದ ಸಣ್ಣ ತಗ್ಗು ಎಷ್ಟು ವರ್ಷ ಇದ್ದರೂ ಕಾರಿಗೆ ತೊಂದರೆಯಿಲ್ಲ. ಅವನ್ನು ಸರಿಮಾಡಿಸುವುದು ನಮ್ಮ ಕಣ್ಣಿನ ಸಮಾಧಾನಕ್ಕೆ.

ಇನ್ನು ಲೆಕ್ಕ. ನಮ್ಮದು ಆರು ವರ್ಷದ ಸಣ್ಣ ಕಾರು, ಎಂಜಿನ್ 1,197 ಸಿಸಿ. ಶಿವಮೊಗ್ಗದ ಕಂಪನಿ ವರ್ಕ್‌ಶಾಪಿನವರು ಕೊಟ್ಟ ಅಂದಾಜು, ತೆರಿಗೆ ಸೇರಿ, 18,000 ರೂ. ಹೊಸ ಬಂಪರ್ ಮತ್ತು ಲ್ಯಾಂಪಿಗೆ 6,000, ತಗ್ಗು ಎತ್ತುವ ಕೂಲಿ 4,000, ಬಣ್ಣಕ್ಕೆ 8,000. ವಿಮೆ ಇದೆ ಎಂದಮಾತ್ರಕ್ಕೆ ಈ 18,000 ಪೂರ್ತಿ ಬರುವುದಿಲ್ಲ. ಪ್ಲಾಸ್ಟಿಕ್, ರಬ್ಬರ್ ಭಾಗಗಳಿಗೆ ಸವಕಳಿ ಎಂದು ಶೇ 50 ಕಳೆಯುತ್ತಾರೆ. ಅಲ್ಲಿಗೆ 3,000 ಹೋಯಿತು. ಬಣ್ಣದ ಬಿಲ್ಲಿನಲ್ಲಿ ಕಾಲು ಭಾಗ ಸಾಮಗ್ರಿಯದು ಎಂದು ಹಿಡಿದು, ಅದರಲ್ಲಿ ಅರ್ಧ ಕಳೆಯುತ್ತಾರೆ. ಅದು 1,000. 1,500 ಸಿಸಿವರೆಗಿನ ಕಾರಿಗೆ ಪ್ರತಿ ಕ್ಲೈಮಿನಲ್ಲೂ ಮಾಲೀಕರೇ ಹೊರಬೇಕಾದ ಕಡ್ಡಾಯ ಪಾಲು 1,000. ಅದಕ್ಕಿಂತ ದೊಡ್ಡ ಎಂಜಿನ್ನಿಗೆ 2,000. ಹೀಗೆ 5,000 ನಮ್ಮ ತಲೆಗೆ, 13,000 ವಿಮಾ ಕಂಪನಿಗೆ. ಕಾರಿನ ತಗಡಿನ ಭಾಗವನ್ನೇ ಬದಲಾಯಿಸಬೇಕಾಗಿ ಬಂದಿದ್ದರೆ, ಐದು ವರ್ಷ ದಾಟಿದ ಕಾರಾದ್ದರಿಂದ ಅದರಲ್ಲೂ ಶೇ 40 ಕಳೆಯುತ್ತಿದ್ದರು. ಗಾಜಿಗೆ ಮಾತ್ರ ಸವಕಳಿಯ ಕಡಿತವಿಲ್ಲ.

13,000 ಬರುತ್ತದಲ್ಲ, ಬಿಡುವುದೇಕೆ ಎನ್ನಿಸುವುದು ಸಹಜ. ಇಲ್ಲಿಯೇ ನೋ ಕ್ಲೈಮ್ ಬೋನಸ್ ನೋಡಬೇಕು. ಕ್ಲೈಮ್ ಮಾಡದ ಮೊದಲ ವರ್ಷಕ್ಕೆ ಶೇ 20, ಆಮೇಲೆ 25, 35, 45, ಸತತ ಐದು ವರ್ಷವಾದರೆ ಶೇ 50 ರಿಯಾಯಿತಿ. ಇದು ಓನ್ ಡ್ಯಾಮೇಜ್, ಅಂದರೆ ನಮ್ಮದೇ ಕಾರಿನ ಹಾನಿಗೆ ಕಟ್ಟುವ ಪ್ರೀಮಿಯಂಗೆ ಮಾತ್ರ ಅನ್ವಯ. ಥರ್ಡ್ ಪಾರ್ಟಿ ಪ್ರೀಮಿಯಂ ಸರ್ಕಾರ ನಿಗದಿ ಮಾಡಿದ್ದು, ಅದರಲ್ಲಿ ಬೋನಸ್ ಇಲ್ಲ. ನನ್ನ ಪಾಲಿಸಿಯಲ್ಲಿ ಬೋನಸ್ ಕಳೆಯುವ ಮೊದಲಿನ ಓನ್ ಡ್ಯಾಮೇಜ್ ಪ್ರೀಮಿಯಂ 6,000 ರೂ., ಶೇ 50 ಬೋನಸ್ ಕಳೆದು ನಾನು ಕಟ್ಟುತ್ತಿರುವುದು 3,000.

ಒಂದು ಕ್ಲೈಮ್ ಮಾಡಿದರೆ ಮುಂದಿನ ನವೀಕರಣದಲ್ಲಿ ಬೋನಸ್ ಸೊನ್ನೆಗೆ ಇಳಿಯುತ್ತದೆ. ಮತ್ತೆ ಒಂದೊಂದೇ ಮೆಟ್ಟಿಲು ಹತ್ತಬೇಕು. ಶೇ 50ರಲ್ಲಿದ್ದವರಿಗೆ ಮೊದಲ ವರ್ಷ ಶೇ 50 ನಷ್ಟ, ಎರಡನೇ ವರ್ಷ 30, ಆಮೇಲೆ 25, 15, 5. ಐದು ವರ್ಷದ್ದು ಕೂಡಿದರೆ ಶೇ 125. ಅಂದರೆ ವರ್ಷದ ಪೂರ್ಣ ಓನ್ ಡ್ಯಾಮೇಜ್ ಪ್ರೀಮಿಯಂನ ಒಂದೂಕಾಲು ಪಟ್ಟು. ಪ್ರೀಮಿಯಂ ಹೀಗೆಯೇ ಇದ್ದರೆ ನನಗೆ 7,500 ರೂ. ಶೇ 18 ಜಿಎಸ್‌ಟಿ ಸೇರಿಸಿದರೆ 8,850. ಕಾರಿಗೆ ವಯಸ್ಸಾದಂತೆ ಅದರ ವಿಮಾ ಮೌಲ್ಯ ಇಳಿಯುವುದರಿಂದ ನಿಜವಾದ ನಷ್ಟ ಸ್ವಲ್ಪ ಕಡಿಮೆಯಾಗಬಹುದು. ಆದರೂ ತೀರ್ಮಾನಕ್ಕೆ ಇಷ್ಟು ಲೆಕ್ಕ ಸಾಕು.

ಈಗ ಒಟ್ಟು ಹಾಕಿ. ಕ್ಲೈಮ್ ಮಾಡಿದ್ದರೆ ಕೈಯಿಂದ 5,000, ಬೋನಸ್ ನಷ್ಟ 8,850, ಒಟ್ಟು 13,850 ರೂ. ಸವಕಳಿ ಕಳೆಯದ ಬಂಪರ್-ಟು-ಬಂಪರ್ ಪಾಲಿಸಿ ಇದ್ದಿದ್ದರೂ 9,850. ಜೊತೆಗೆ ಶಿವಮೊಗ್ಗಕ್ಕೆ ಓಡಾಟ, ಸರ್ವೇಯರ್ ನೋಡುವವರೆಗೆ ಕಾಯುವುದು, ಅಷ್ಟು ದಿನ ಮನೆಯಲ್ಲಿ ಕಾರಿಲ್ಲ. ಆಸ್ಪತ್ರೆಗೂ ಪೇಟೆಗೂ ಕಾರನ್ನೇ ನೆಚ್ಚಿಕೊಂಡಿರುವ ತೋಟದ ಮನೆಗಳಿಗೆ ಅದೂ ಖರ್ಚೇ.

ತರೀಕೆರೆಯ ಟಿಂಕರಿಂಗ್ ಶೆಡ್ಡಿನಲ್ಲಿ ಇದೇ ಕೆಲಸಕ್ಕೆ ಆದದ್ದು 8,000 ರೂ. ಹೊಸ ಲ್ಯಾಂಪಿಗೆ 2,200, ಸೀಳಿದ ಬಂಪರನ್ನು ಬಿಸಿಯಲ್ಲಿ ಕೂಡಿಸಿ ಬಣ್ಣ ಹಚ್ಚಿದ್ದಕ್ಕೆ 1,800, ಬಾಗಿಲು ಮತ್ತು ತಗಡಿಗೆ 4,000. ಹತ್ತಿರ ಹೋಗಿ ನೋಡಿದರೆ ಬಂಪರಿನಲ್ಲಿ ಹೊಲಿಗೆಯ ಗೆರೆ ಕಾಣುತ್ತದೆ. ಆರು ವರ್ಷದ ಕಾರಿಗೆ ನನಗೆ ಅದು ಸಾಕು. ಬಿಲ್ಲಿನ ಫೋಟೊವನ್ನು ಆ ಹುಡುಗನಿಗೆ ಕಳಿಸಿದೆ. ಅವನು 4,000 ರೂ. ಫೋನಿನಲ್ಲೇ ಹಾಕಿದ, ಉಳಿದರ್ಧ ನಾನು ಹೊತ್ತೆ. ಬೋನಸ್ ಶೇ 50 ಹಾಗೆಯೇ ಉಳಿಯಿತು.

ಉಳಿದರ್ಧವನ್ನೂ ಕಾನೂನಿನ ಮೂಲಕ ವಸೂಲಿ ಮಾಡಬಹುದಿತ್ತಲ್ಲ ಎಂದು ಕೇಳುವವರಿದ್ದಾರೆ. ದಾರಿಯೇನೋ ಇದೆ. ಬೇರೆಯವರ ಆಸ್ತಿಗೆ ಹಾನಿಯಾದರೆ ಕಾರಿನ ಥರ್ಡ್ ಪಾರ್ಟಿ ವಿಮೆಯಲ್ಲಿ ಸಾಮಾನ್ಯವಾಗಿ 7.5 ಲಕ್ಷ ರೂ.ವರೆಗೆ ರಕ್ಷಣೆ ಇರುತ್ತದೆ. ಆದರೆ ಅದಕ್ಕೆ ಪೊಲೀಸ್ ದೂರು, ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಯಲ್ಲಿ ಅರ್ಜಿ, ವಕೀಲರು, ವಾಯಿದೆಗಳು. ಲಕ್ಷದ ಹಾನಿಯಾದರೆ ಆ ದಾರಿ ಹಿಡಿಯಲೇಬೇಕು. ನಾಲ್ಕು ಸಾವಿರಕ್ಕೆ ಅಲ್ಲ. ಯಾರಿಗಾದರೂ ಗಾಯವಾಗಿದ್ದರೆ ಮಾತ್ರ ರಾಜಿಯ ಮಾತೇ ಬೇಡ. ಮೊದಲು ಆಸ್ಪತ್ರೆ, ಆಮೇಲೆ ಪೊಲೀಸ್ ಠಾಣೆ. ಮೋಟಾರು ವಾಹನ ಕಾಯ್ದೆಯ 134ನೇ ಸೆಕ್ಷನ್ ಹೇಳುವುದೂ ಅದನ್ನೇ: ಚಿಕಿತ್ಸೆ ಕೊಡಿಸಬೇಕು, 24 ಗಂಟೆಯೊಳಗೆ ಠಾಣೆಗೆ ತಿಳಿಸಬೇಕು.

ಹಾಗೆಂದು ಕ್ಲೈಮ್ ಮಾಡಲೇಬಾರದು ಎಂದು ನಾನು ಹೇಳುತ್ತಿಲ್ಲ. ವರ್ಷವರ್ಷ ಪ್ರೀಮಿಯಂ ಕಟ್ಟುವುದೇ ದೊಡ್ಡ ಪೆಟ್ಟಿಗಾಗಿ. ಏರ್‌ಬ್ಯಾಗ್ ಬಿಚ್ಚಿಕೊಂಡಿದ್ದರೆ, ರೇಡಿಯೇಟರ್ ಒಡೆದಿದ್ದರೆ, ಚಾಸಿ ಬಾಗಿದ್ದರೆ, ಹೊಸ ಕಾರುಗಳ ಬಂಪರಿನಲ್ಲಿರುವ ಸೆನ್ಸರ್ ಹೋಗಿದ್ದರೆ ಹಿಂದೆಮುಂದೆ ನೋಡಬೇಡಿ, ಕ್ಲೈಮ್ ಮಾಡಿ. ಬೋನಸ್ ಇನ್ನೂ ಸೊನ್ನೆಯಲ್ಲಿರುವವರಿಗೂ, ಬೋನಸ್ ರಕ್ಷಣೆಯ ಆಡ್-ಆನ್ ಪಡೆದವರಿಗೂ ಲೆಕ್ಕ ಬೇರೆ ಬರುತ್ತದೆ. ಶೇ 20ರ ಬೋನಸ್ ಇದ್ದವರು ಒಂದು ಕ್ಲೈಮಿನಿಂದ ಕಳೆದುಕೊಳ್ಳುವುದು ಐದು ವರ್ಷದಲ್ಲಿ ಶೇ 80. ನನ್ನಂತೆ 125 ಅಲ್ಲ. ಸದ್ಯದಲ್ಲೇ ಹೊಸ ಕಾರು ಕೊಳ್ಳುವವರು ಇನ್ನೊಂದು ವಿಷಯ ಗಮನಿಸಿ. ಬೋನಸ್ ಕಾರಿನದಲ್ಲ, ಮಾಲೀಕರದು. ಹಳೆಯ ಕಾರಿನ ಶೇ 50 ಬೋನಸ್ಸನ್ನು ಹೊಸ ಕಾರಿಗೆ ವರ್ಗಾಯಿಸಿಕೊಳ್ಳಬಹುದು. ಹೊಸ ಕಾರಿನ ಓನ್ ಡ್ಯಾಮೇಜ್ ಪ್ರೀಮಿಯಂ 20,000 ಇದ್ದರೆ ಮೊದಲ ವರ್ಷವೇ 10,000 ಉಳಿತಾಯ. ಅಂಥ ಹೊತ್ತಿನಲ್ಲಿ ಹಳೆಯ ಕಾರಿನ ಒಂದು ತಗ್ಗಿಗಾಗಿ ಬೋನಸ್ ಬಿಟ್ಟುಕೊಡುವುದು ದುಬಾರಿ.

ಕ್ಲೈಮ್ ಮಾಡುವುದೆಂದು ನಿಶ್ಚಯಿಸಿದರೆ ತಡಮಾಡಬೇಡಿ. ವಿಮಾ ಕಂಪನಿಗೆ ತಕ್ಷಣ ತಿಳಿಸಬೇಕು ಎನ್ನುವುದು ಪಾಲಿಸಿಯ ಷರತ್ತು. ಘಟ್ಟದಲ್ಲಿ ಫೋನ್ ಸಿಗ್ನಲ್ ಸಿಗದಿದ್ದರೆ ಸಿಕ್ಕ ಕೂಡಲೇ ಕರೆ ಮಾಡಿ. ಕಂಪನಿಯವರು ನೋಡುವ ಮುಂಚೆ ರಿಪೇರಿ ಶುರುಮಾಡಿಸಬೇಡಿ. ಕಂಪನಿಯ ಒಪ್ಪಿಗೆಯಿಲ್ಲದೆ ಎದುರಿನವರಿಗೆ ತಪ್ಪೊಪ್ಪಿಗೆಯನ್ನೋ ಹಣ ಕೊಡುವ ಮಾತನ್ನೋ ಬರೆದುಕೊಡಬೇಡಿ. "ಹೇಗೂ ಕ್ಲೈಮ್ ಮಾಡ್ತೀರಲ್ಲ, ಹಳೆಯ ಗೀರುಗಳನ್ನೂ ಸೇರಿಸಿಬಿಡಿ" ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ಅದು ಸುಳ್ಳು ಹೇಳಿಕೆ. ಸಿಕ್ಕಿಬಿದ್ದರೆ ನಿಜವಾದ ಕ್ಲೈಮೂ ಹೋಗುತ್ತದೆ. ನ್ಯಾಯವಾದ ಕ್ಲೈಮನ್ನು ಕಂಪನಿ ತಿರಸ್ಕರಿಸಿದರೆ ಮೊದಲು ಅವರ ದೂರು ವಿಭಾಗಕ್ಕೆ ಬರೆಯಿರಿ. ಒಂದು ತಿಂಗಳಲ್ಲಿ ಪರಿಹಾರ ಸಿಗದಿದ್ದರೆ ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್ ಕಚೇರಿಗೆ ದೂರು ಕೊಡಬಹುದು. ಅಲ್ಲಿ ಶುಲ್ಕವಿಲ್ಲ.

ಈ ಲೆಕ್ಕವನ್ನೆಲ್ಲ ರಸ್ತೆಬದಿಯಲ್ಲಿ, ಹಿಂದೆ ಹಾರ್ನ್ ಹೊಡೆಯುವವರ ನಡುವೆ ಹಾಕಲು ಆಗುವುದಿಲ್ಲ. ಆದ್ದರಿಂದ ಓದುಗರಲ್ಲಿ ನನ್ನದೊಂದು ಕೋರಿಕೆ. ಇವತ್ತೇ ನಿಮ್ಮ ಕಾರಿನ ಪಾಲಿಸಿ ತೆಗೆದು ನೋಡಿ. ಬೋನಸ್ ಕಳೆಯುವ ಮುಂಚಿನ ಓನ್ ಡ್ಯಾಮೇಜ್ ಪ್ರೀಮಿಯಂ ಎಷ್ಟು, ಬೋನಸ್ ಶೇಕಡಾ ಎಷ್ಟು, ಕಡ್ಡಾಯ ಪಾಲು ಎಷ್ಟು, ಸವಕಳಿ ಕಡಿತ ಇದೆಯೋ ಇಲ್ಲವೋ ಎಂದು ಒಂದು ಚೀಟಿಯಲ್ಲಿ ಬರೆದು ಆರ್‌ಸಿ ಜೊತೆ ಇಡಿ. ಬೋನಸ್ ಶೇ 50 ಇದ್ದರೆ ಪ್ರೀಮಿಯಂನ ಒಂದೂಕಾಲು ಪಟ್ಟಿಗೆ ಜಿಎಸ್‌ಟಿ ಮತ್ತು ಕಡ್ಡಾಯ ಪಾಲು ಸೇರಿಸಿ. ಸವಕಳಿ ಕಡಿತ ಇದ್ದರೆ ಅದನ್ನೂ ಸೇರಿಸಿ. ರಿಪೇರಿ ಖರ್ಚು ಆ ಮೊತ್ತದೊಳಗೆ ಮುಗಿಯುವುದಾದರೆ ಕೈಯಿಂದ ಕೊಟ್ಟು ಮುಗಿಸಿ. ಅದನ್ನು ಮೀರಿದರೆ ಮಾತ್ರ ಕ್ಲೈಮ್ ಮಾಡಿ.